ಆಪರೇಶನ್ ಒಪ್ಪಿಗೆ ಪತ್ರದಲ್ಲಿ 'ಸಂಕೀರ್ಣತೆ': ಕಾಂಪ್ಲಿಕೇಶನ್‌ಗೆ ಈ ಪದ ಸರಿಯೇ?

ಎಲ್ಲರಿಗೂ ನಮಸ್ಕಾರ. ಮಂಡ್ಯದಿಂದ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ದೊಡ್ಡವ್ವನಿಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಶನ್ ಆಯಿತು. ರೋಬೋಟ್ ಬಳಸಿ ಮಾಡುವಂಥದ್ದು. ಹಿಂದಿನ ದಿನ ಸಂಜೆ ನರ್ಸ್ ಒಪ್ಪಿಗೆ ಪತ್ರ ತಂದುಕೊಟ್ಟರು. ಕನ್ನಡದಲ್ಲೇ ಇತ್ತು. ದೊಡ್ಡವ್ವ ಕನ್ನಡಕ ತಂದಿರಲಿಲ್ಲ, ನಾನೇ ಓದಿ ಹೇಳಿದೆ. 'ರೋಬೋಟಿಕ್ ಉದರ ಶಸ್ತ್ರಚಿಕಿತ್ಸೆಯ ಅಪಾಯಗಳು ಮತ್ತು ಸಂಕೀರ್ಣತೆಗಳನ್ನು ನನಗೆ ವಿವರಿಸಲಾಗಿದೆ' ಅಂತ ಶುರು. ಅಷ್ಟಕ್ಕೇ ತಡೆದು ಕೇಳಿದಳು: "ಅಪಾಯ ಅಂದ್ಯಲ್ಲ ಮಗ, ಜೀವಕ್ಕಾ?"

ನಮ್ಮ ಕಡೆ 'ಅಪಾಯ ಇಲ್ಲ' ಅಂದರೆ ಜೀವಕ್ಕೆ ಏನೂ ಆಗಲ್ಲ ಎಂದೇ ಅರ್ಥ. ಸಣ್ಣದೋ ದೊಡ್ಡದೋ, ಏನಾದರೂ ಕೆಡಬಹುದು ಅನ್ನುವುದಕ್ಕೆಲ್ಲ ಆ ಪದ ತೀರಾ ಭಾರ. ಮಾತಿನಲ್ಲಿ ಎಲ್ಲರೂ 'ರಿಸ್ಕ್' ಅಂತಲೇ ಅನ್ನುತ್ತಾರೆ. ಬರಹದಲ್ಲೂ ಅದನ್ನೇ ಇಟ್ಟುಕೊಳ್ಳೋಣ ಅನ್ನಿಸುತ್ತದೆ.

ನನ್ನ ಮುಖ್ಯ ತಕರಾರು 'ಸಂಕೀರ್ಣತೆ' ಮೇಲೆ. ಕೆಲಸ ಎಷ್ಟು ಜಟಿಲ ಅನ್ನುವುದಕ್ಕೆ ಅದು ಸರಿ. ಆದರೆ ಸುಲಭದ ಆಪರೇಶನ್‌ನಲ್ಲೂ ಕಾಂಪ್ಲಿಕೇಶನ್ ಬರಬಹುದು. ಕ್ಯಾಮೆರಾ, ಉಪಕರಣ ಒಳಗೆ ಬಿಡಲು ಹೊಟ್ಟೆಯೊಳಗೆ ಮೊದಲ ಕೊಳವೆ ತೂರಿಸುವಾಗಲೇ ಕರುಳಿಗೋ ರಕ್ತನಾಳಕ್ಕೋ ಪೆಟ್ಟಾಗಬಹುದು. ಹಿಂದೆ ಆಪರೇಶನ್ ಆದವರಲ್ಲಿ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರಬಹುದು, ಅವರಿಗೆ ಈ ರಿಸ್ಕ್ ಜಾಸ್ತಿ. ಕುಯ್ಯಲು, ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಶಾಖದಿಂದ ಕ್ಯಾಮೆರಾಗೆ ಕಾಣದ ಕಡೆ ಕರುಳು ಸುಟ್ಟರೆ ಆ ಹೊತ್ತಿನಲ್ಲಿ ಗೊತ್ತೇ ಆಗಲ್ಲ. ಕೆಲವು ದಿನ ಕಳೆದು ಅಲ್ಲಿ ತೂತಾದರೆ ಹೊಟ್ಟೆನೋವು, ಜ್ವರ ಶುರುವಾಗುತ್ತದೆ. ಅಷ್ಟರಲ್ಲಿ ರೋಗಿ ಮನೆಗೆ ಬಂದಿರುತ್ತಾರೆ. ಸಹಿ ಹಾಕುವವರಿಗೆ ತಿಳಿಯಬೇಕಾದ್ದೇ ಇದು ಅಲ್ವಾ? 'ಸಂಕೀರ್ಣತೆ' ಓದಿದವರಿಗೆ ಇದರಲ್ಲಿ ಒಂದೂ ಹೊಳೆಯಲ್ಲ.

'ಅಡ್ಡ ಪರಿಣಾಮ'ವೂ ಒಪ್ಪಲ್ಲ. ಹೊಟ್ಟೆ ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್‌ನಿಂದ ಒಂದೆರಡು ದಿನ ಭುಜ ನೋಯುತ್ತದಲ್ಲ, ಅದಕ್ಕೆ ಬೇಕಾದರೆ ಸರಿ. (ಹೊಟ್ಟೆ ಕುಯ್ದರೆ ಭುಜ ಯಾಕೆ ನೋಯ್ತದೆ ಅಂತ ದೊಡ್ಡವ್ವ ಕೇಳುತ್ತಲೇ ಇದ್ದಳು. ಆ ಗಾಳಿ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸುತ್ತದೆ, ನೋವು ಭುಜದಲ್ಲಿ ಕಾಣಿಸುತ್ತದೆ.) ಕರುಳು ತೂತಾಗುವುದನ್ನು ಅಡ್ಡ ಪರಿಣಾಮ ಅನ್ನೋಕಾಗುತ್ತಾ?

ನನಗೆ ಹೊಳೆದದ್ದು 'ತೊಡಕು'. ಸರಾಗವಾಗಿ ಬರುತ್ತಿದ್ದ ನೂಲು ಸಿಕ್ಕಾದ ಹಾಗೆ. ಡಾಕ್ಟರ ತಪ್ಪಿಲ್ಲದೆಯೂ ಆಗಬಹುದು ಅನ್ನುವುದು ಅದರಲ್ಲೇ ಇದೆ. ಆದರೆ ಮಂಡ್ಯ, ಮೈಸೂರು ಕಡೆ ತೊಡಕು ಅಂದರೆ ಮೊದಲು ನೆನಪಾಗೋದು ಯುಗಾದಿ ಮಾರನೆಯ ದಿನದ ವರ್ಷತೊಡಕು, ಮನೆಮನೆಯ ಬಾಡೂಟ. ಆ ತೊಡಕು 'ತೊಡಗು'ವುದರಿಂದ ಬಂದದ್ದಾ, 'ತೊಡರು'ವುದರಿಂದಲಾ? ಬಲ್ಲವರು ತಿಳಿಸಿ. "ಆಪರೇಶನ್ ಆದ್ಮೇಲೆ ತೊಡಕಾಗಬಹುದು" ಅಂದಾಗ ದೊಡ್ಡವ್ವನಿಗೇನೋ ತಕ್ಷಣ ಅರ್ಥವಾಯಿತು.

'ಮುಕ್ತ ಶಸ್ತ್ರಚಿಕಿತ್ಸೆಗೆ ಪರಿವರ್ತನೆ' ಅಂತಲೂ ಇತ್ತು. ರಕ್ತ ಜಾಸ್ತಿ ಹೋದರೆ, ಒಳಗೆ ಸರಿಯಾಗಿ ಕಾಣದಿದ್ದರೆ, ರೋಬೋಟಿನ ತೋಳು ಬಿಡಿಸಿ ಮಾಮೂಲಿನಂತೆ ಮಾಡುತ್ತಾರೆ. 'ಹೊಟ್ಟೆ ತೆರೆದು ಮಾಡಬೇಕಾಗಬಹುದು' ಅಂದರೆ ಸಾಕು.

'ರೋಬೋಟ್ ಶಸ್ತ್ರಚಿಕಿತ್ಸೆ ನಡೆಸುತ್ತದೆ' ಎಂಬ ಸಾಲಂತೂ ತಪ್ಪೇ. ಡಾಕ್ಟರು ಕನ್ಸೋಲ್ ಮುಂದೆ ಕೂತು ಕೈ ಆಡಿಸಿದಂತೆ ಅದರ ತೋಳು ಆಡುತ್ತದೆ. ಚೆಕ್ ಭಾಷೆಯಲ್ಲಿ 'ರೊಬೋಟಾ' ಅಂದರೆ ಬಿಟ್ಟಿ ಚಾಕರಿ, ರೋಬೋಟ್ ಪದ ಬಂದದ್ದು ಅದರಿಂದ; ಇಲ್ಲೂ ಅದು ಹೇಳಿದ್ದು ಮಾಡುವ ಆಳಷ್ಟೇ. 'ರೋಬೋಟ್ ನೆರವಿನ ಆಪರೇಶನ್' ಅಂದರೆ ಮಾಡುವವರು ಯಾರು ಅನ್ನೋದು ತಿಳಿಯುತ್ತದೆ.

ಇನ್ನೊಂದಕ್ಕೆ ನನಗೆ ಪದವೇ ಸಿಗುತ್ತಿಲ್ಲ. ಪತ್ರದಲ್ಲಿ 'ಸ್ಪರ್ಶ ಪ್ರತಿಕ್ರಿಯೆಯ ಕೊರತೆ' ಎಂದಿದೆ. ಬಹುಪಾಲು ರೋಬೋಟ್‌ಗಳಲ್ಲಿ ಒಳಗಿನ ಅಂಗವನ್ನು ಎಷ್ಟು ಬಲವಾಗಿ ಎಳೆಯುತ್ತಿದ್ದೇವೆ ಅನ್ನುವುದು ಡಾಕ್ಟರ ಕೈಗೆ ತಿಳಿಯಲ್ಲ, ಕಣ್ಣಲ್ಲೇ ಅಂದಾಜು ಮಾಡಬೇಕು. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಡಾ ವಿಂಚಿ 5 ಎಂಬ ಆಪರೇಶನ್ ರೋಬೋಟ್‌ನಲ್ಲಿ ಅದನ್ನು ಕೈಗೆ ತಿಳಿಸುವ ಉಪಕರಣ ಬಂದಿದೆ. 'ಕೈಗೆ ಬಿಗಿ ತಿಳಿಯದಿರುವುದು' ಅನ್ನಬಹುದಾ? ಅಥವಾ 'ಹದ'ವಾ? ನೇಯುವವರು, ಮಡಕೆ ಮಾಡುವವರು ಇದಕ್ಕೆ ಏನನ್ನುತ್ತಾರೆ?

ಮುಂದಿನ ವಾರ ದೊಡ್ಡವ್ವನನ್ನು ಚೆಕಪ್‌ಗೆ ಕರೆದುಕೊಂಡು ಹೋಗಬೇಕು. ತಿದ್ದಿ ಬರೆದುಕೊಡಿ ಅಂತ ನರ್ಸ್ ಹೇಳಿದ್ದಾರೆ. ಅಷ್ಟರೊಳಗೆ ನಿಮ್ಮ ಉತ್ತರ ಬಂದರೆ ತುಂಬಾ ಉಪಕಾರವಾಗುತ್ತದೆ.