ಜೂನ್ ಬಂದರೆ ವಾಕಿಂಗ್ ನಿಲ್ಲುತ್ತದೆ, ಏನು ಮಾಡುವುದು?

ಕೊಟ್ಟಾರ, ಮಂಗಳೂರು

ನನಗೆ 43 ವರ್ಷ. ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಏಳುವುದು ಸಂಜೆಗೇ. ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದೆ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1 ಬಂತು. "ಮಾತ್ರೆ ಈಗ ಬೇಡ, ಊಟ ಮತ್ತು ವ್ಯಾಯಾಮ ಸರಿ ಮಾಡಿಕೊಳ್ಳಿ, ಮೂರು ತಿಂಗಳು ಬಿಟ್ಟು ನೋಡುವ" ಅಂದರು ಡಾಕ್ಟರು. ಹೊಟ್ಟೆಯ ಸುತ್ತಳತೆ 98 ಸೆಂಟಿಮೀಟರ್. ಎರಡು ಮಾಳಿಗೆ ಹತ್ತಿದರೆ ಏದುಸಿರು. ಜಿಮ್‌ಗೆ ಎರಡು ಸಲ ಸೇರಿ ಬಿಟ್ಟಿದ್ದೇನೆ. ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷ ವಾಕಿಂಗ್ ಶುರು ಮಾಡುತ್ತೇನೆ, ಮಳೆ ಹಿಡಿದ ದಿನ ಅದು ನಿಲ್ಲುತ್ತದೆ. ಈಗ ಮೇ ಮುಗಿಯುತ್ತಾ ಬಂತು. ಮನೆಯಲ್ಲಿ ಅಡುಗೆ ಅಮ್ಮನದ್ದು. ಓಟ್ಸ್, ಕೀಟೋ ಅಂತೆಲ್ಲ ಅವರ ಹತ್ತಿರ ಹೇಳಲಿಕ್ಕೆ ಆಗುವುದಿಲ್ಲ. ನಮ್ಮ ಕಡೆಯ ಊಟ ಉಂಡುಕೊಂಡೇ ಸರಿ ಮಾಡಿಕೊಂಡವರು, ಅದನ್ನು ಒಂದೆರಡು ವರ್ಷ ಉಳಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

ಕುಂಜಿಬೆಟ್ಟು, ಉಡುಪಿ

ನಿಮ್ಮ 6.1 ನೋಡಿ ನಾಲ್ಕು ವರ್ಷದ ಹಿಂದಿನ ನನ್ನ ರಿಪೋರ್ಟ್ ನೆನಪಾಯಿತು. ನನ್ನದು 6.2 ಇತ್ತು. ನಾನು ಹೈಸ್ಕೂಲ್ ಟೀಚರ್, 52 ವರ್ಷ. ಈಗ 5.6ರ ಹತ್ತಿರ ನಿಂತಿದೆ, ಮಾತ್ರೆ ಇಲ್ಲ. 5.7ರಿಂದ 6.4ರವರೆಗೆ ಇದ್ದರೆ ಶುಗರ್ ಬರುವ ಮುಂಚಿನ ಹಂತ, 6.5 ಮುಟ್ಟಿದರೆ ಶುಗರ್ ಅಂತ ಲೆಕ್ಕ. ನಿಮಗೆ ಇನ್ನೂ ಸಮಯ ಉಂಟು. ಹೆದರಬೇಡಿ, ಆದರೆ ಮುಂದಿನ ದೀಪಾವಳಿಗೆ ಅಂತ ಕಾಯಲೂ ಬೇಡಿ.

ಮೊದಲು ನಾನು ಎಡವಿದ್ದು ಹೇಳುತ್ತೇನೆ. ರಿಪೋರ್ಟ್ ಬಂದದ್ದು ಜನವರಿಯಲ್ಲಿ. ಮಾರನೇ ದಿನವೇ ಅನ್ನ ಪೂರ್ತಿ ಬಿಟ್ಟೆ. ಬೆಳಿಗ್ಗೆ ಓಟ್ಸ್, ರಾತ್ರಿ ಎರಡು ಚಪಾತಿ. ಅಜ್ಜರಕಾಡು ಮೈದಾನದಲ್ಲಿ ದಿನಾ ಒಂದು ಗಂಟೆ ಬೀಸು ನಡಿಗೆ. ಎರಡು ತಿಂಗಳಲ್ಲಿ ಐದು ಕೆಜಿ ಇಳಿಯಿತು. ಎಲ್ಲರೂ ಹೊಗಳಿದರು. ಆದರೆ ಏಪ್ರಿಲ್ ಹೊತ್ತಿಗೆ ಕೊಡಪಾನ ಎತ್ತುವಾಗ ಕೈ ಸೋಲುತ್ತಿತ್ತು. ನೆಲದಲ್ಲಿ ಕೂತರೆ ಎದ್ದೇಳಲು ಗೋಡೆ ಹಿಡಿಯಬೇಕಿತ್ತು. ಜೂನ್‌ನಲ್ಲಿ ಮಳೆ ಬಂತು, ಮೈದಾನ ಕೆಸರಾಯಿತು, ನಡಿಗೆ ನಿಂತಿತು. ಅನ್ನದ ಆಸೆ ತಡೆಯಲಿಕ್ಕೆ ಆಗಲಿಲ್ಲ. ನವರಾತ್ರಿ ಹೊತ್ತಿಗೆ ಐದಕ್ಕೆ ಆರು ಕೆಜಿ ವಾಪಸ್ ಬಂತು.

ಆಗ ನನಗೆ ಗೊತ್ತಿರಲಿಲ್ಲ. ಊಟ ತೀರಾ ಕಮ್ಮಿ ಮಾಡಿ, ಸ್ನಾಯುಗಳಿಗೆ ಕೆಲಸವನ್ನೂ ಕೊಡದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ನಾವು ಉಂಡ ಅನ್ನದ ಸಕ್ಕರೆ ಜಾಸ್ತಿ ಹೋಗಿ ಸೇರುವುದು ಸ್ನಾಯುಗಳಿಗೇ. ಅದನ್ನೇ ಕಳೆದುಕೊಂಡು ಶುಗರ್ ಕಮ್ಮಿ ಆಗಲಿ ಅಂದರೆ ಹೇಗೆ ಆಗುತ್ತದೆ? ಹಾಗಾಗಿ ಎರಡನೇ ವರ್ಷ ನಾನು ಅನ್ನ ಬಿಡಲಿಲ್ಲ. ಅಳತೆ ಮಾಡಿದೆ. ಕಾಲಿಗೆ ಬಲ ಬರುವ ಕೆಲಸ ಶುರು ಮಾಡಿದೆ. ಇಷ್ಟೇ ಮಾಡಿದ್ದು.

ನಮ್ಮ ಮನೆಯಲ್ಲಿ ಅನ್ನ ಬಡಿಸುವ ಕೈಲು ಅತ್ತೆಯ ಕಾಲದ್ದು, ಹಿತ್ತಾಳೆಯದ್ದು. ಹೊಂಡ ಆಳ, ಹಿಡಿ ಸ್ವಲ್ಪ ಸೊಟ್ಟ. ಒಂದು ದಿನ ಅದರಲ್ಲಿ ತೆಗೆದ ಅನ್ನವನ್ನು ಲೋಟಕ್ಕೆ ಹಾಕಿ ನೋಡಿದೆ. ಒಂದು ಕೈಲಿಗೆ ಒಂದು ಲೋಟ ತುಂಬಿ ಮೇಲೆ ಗುಡ್ಡೆ ನಿಂತಿತು. ನಾನು ಸಾರಿಗೆ ಎರಡು, ಮಜ್ಜಿಗೆಗೆ ಒಂದು ಹಾಕಿಕೊಳ್ಳುತ್ತಿದ್ದೆ. ಈಗ ಸಾರಿಗೆ ಒಂದು, ಮಜ್ಜಿಗೆಗೆ ಅರ್ಧ. ತಟ್ಟೆಯಲ್ಲಿ ಮೊದಲು ಪಲ್ಯ ಬಡಿಸಿಕೊಳ್ಳುತ್ತೇನೆ, ಅರ್ಧ ತಟ್ಟೆ ಅದೇ. ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿ, ಮಟ್ಟುಗುಳ್ಳದ ಕಾಲದಲ್ಲಿ ಗುಳ್ಳ. ಪಲ್ಯ ಅರ್ಧ ತಿಂದ ಮೇಲೆ ಅನ್ನಕ್ಕೆ ಕೈ ಹಾಕುವುದು. ಮೊದಲ ವಾರ ಹಸಿವೆ ಅನಿಸಿತು. ಮೂರನೇ ವಾರಕ್ಕೆ ಹೊಟ್ಟೆ ಒಪ್ಪಿಕೊಂಡಿತು.

ಕುಚ್ಚಲಕ್ಕಿ ಒಳ್ಳೆಯದು, ಹಾಗಾಗಿ ಎಷ್ಟು ಉಂಡರೂ ಅಡ್ಡಿಯಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಉಂಟು. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಗಿಂತ ಒಳ್ಳೆಯದು ನಿಜ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಸತ್ವ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತದೆ. ಆದರೂ ಅದು ಅಕ್ಕಿಯೇ ಅಲ್ವಾ. ರಾತ್ರಿಯ ಗಂಜಿಯೂ ಹಾಗೆಯೇ. ಗಂಜಿ, ಉಪ್ಪಿನಕಾಯಿ, ಹಪ್ಪಳ ಅಂದರೆ ಹಗುರ ಊಟ ಅಂತ ನಾವು ತಿಳಿದುಕೊಂಡಿದ್ದೇವೆ. ಅದರಲ್ಲಿ ಪ್ರೋಟೀನ್ ಎಲ್ಲಿ ಉಂಟು? ಉಪ್ಪು ಮಾತ್ರ ಜಾಸ್ತಿ. ದಿನಕ್ಕೆ ಒಟ್ಟು 5 ಗ್ರಾಂ ಒಳಗೆ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಸಣ್ಣ ಚಮಚ. ಈಗ ನಾನು ಗಂಜಿಗೆ ಅಕ್ಕಿಯ ಅರ್ಧದಷ್ಟು ಹೆಸರುಕಾಳು ಹಾಕಿ ಬೇಯಿಸುತ್ತೇನೆ. ಹಪ್ಪಳದ ಬದಲು ಒಂದು ಪಲ್ಯ.

ನಾವು ಸಸ್ಯಾಹಾರಿಗಳು. ನಮಗೆ ಕಾಳೇ ಆಧಾರ. ಒಣ ಹುರುಳಿ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಉಂಟು. ಆದರೆ ನಮ್ಮ ತವರಿನಲ್ಲಿ ಹುರುಳಿ ಬೇಯಿಸಿ, ಬಸಿದ ನೀರಿನಲ್ಲಿ ಸಾರು ಮಾಡಿ, ಬೆಂದ ಕಾಳನ್ನು ಬಾಲ್ದಿಗೆ ಹಾಕಿ ದನಕ್ಕೆ ಕೊಡುತ್ತಿದ್ದೆವು. ಅಷ್ಟು ವರ್ಷ ಬಲವೆಲ್ಲ ಹಟ್ಟಿಗೆ ಹೋಯಿತು ಅಂತ ಈಗ ಬೇಸರ ಆಗುತ್ತದೆ. ಸಾರೂ ಮಾಡಿ, ಕಾಳನ್ನೂ ತಿನ್ನಿ.

ಚಹಾದ ಬಗ್ಗೆ ಒಂದೇ ಮಾತು. ಸ್ಟಾಫ್ ರೂಮಿನಲ್ಲಿ, ಮನೆಯಲ್ಲಿ ಸೇರಿ ದಿನಕ್ಕೆ ಐದು. ಎರಡೆರಡು ಚಮಚ ಸಕ್ಕರೆ, ಅಂದರೆ ದಿನಕ್ಕೆ 40 ಗ್ರಾಂ ದಾಟಿತು. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಕಮ್ಮಿ ಮಾಡುತ್ತಾ ಬಂದೆ. ಎರಡು ತಿಂಗಳಲ್ಲಿ ಸಕ್ಕರೆ ನಿಂತಿತು, ನಾಲಿಗೆಗೆ ಕಷ್ಟ ಆಗಲಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಮಳೆಗಾಲ. ವ್ಯಾಯಾಮಕ್ಕೆ ಬೇರೆಯೇ ಸಮಯ, ಬೇರೆಯೇ ಜಾಗ ಬೇಕು ಅಂತ ಇಟ್ಟುಕೊಂಡರೆ ಮಳೆ ಅದನ್ನು ಖಂಡಿತ ಕಿತ್ತುಕೊಳ್ಳುತ್ತದೆ. ಮನೆಯಲ್ಲಿ ದಿನಾ ಹೇಗೂ ನಡೆಯುವ ಒಂದು ಕೆಲಸಕ್ಕೆ ಅದನ್ನು ಕಟ್ಟಿಬಿಡಿ. ನಾನು ಅನ್ನ ಬೇಯುವ ಹೊತ್ತಿಗೆ ಕಟ್ಟಿದೆ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು. ಅನ್ನದ ಪಾತ್ರೆ ಒಲೆಯ ಮೇಲೆ ಇಟ್ಟ ಕೂಡಲೇ ಚಾವಡಿಯ ಮರದ ಕುರ್ಚಿ ಅಡುಗೆಮನೆಗೆ ಬರುತ್ತದೆ. ಗೋಡೆಗೆ ಒತ್ತಿ ಇಡುತ್ತೇನೆ, ಜಾರಬಾರದು. ಕೈ ಎರಡೂ ಎದೆಯ ಮೇಲೆ ಕಟ್ಟಿ, ಕೂತು ಏಳುವುದು, ನಿಧಾನ. ಮೊದಲ ದಿನ ಐದನೇ ಸಲಕ್ಕೆ ತೊಡೆ ನಡುಗಿತು. ಆರನೆಯದಕ್ಕೆ ಕೈ ಊರಿದೆ. ಹೊರಗೆ ಹಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು, ನಾನು ಒಲೆಯ ಪಕ್ಕ ಬೆವರುತ್ತಾ ನಿಂತಿದ್ದೆ. ಒಂದು ತಿಂಗಳಿಗೆ ಹತ್ತು ಸಲದಂತೆ ಮೂರು ಸುತ್ತು ಬಂತು. ಆಮೇಲೆ ಗೋಡೆಗೆ ಕೈ ಕೊಟ್ಟು ತಳ್ಳುವ ದಂಡ, ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಎರಡು ಕೈಯಲ್ಲಿ ಎರಡು ಬಟ್ಟೆ ಚೀಲಕ್ಕೆ ಅಕ್ಕಿ ತುಂಬಿಸಿ ಎತ್ತುವುದು. ಮೊದಲು ಎರಡು ಕೆಜಿ, ಈಗ ಐದು. ಇದು ವಾರಕ್ಕೆ ಮೂರು ದಿನ. ಸುಮ್ನೆ ದಿನಾ ಮಾಡಿ ಮೈ ನೋಯಿಸಿಕೊಳ್ಳಬೇಡಿ, ನಡುವೆ ಒಂದು ದಿನ ಬಿಡಿ.

ನಡಿಗೆಯನ್ನೂ ತುಂಡು ಮಾಡಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಬೇಕು ಅನ್ನುತ್ತಾರೆ. ಅದು ಒಂದೇ ಸಲಕ್ಕೆ ಆಗಬೇಕು ಅಂತ ಇಲ್ಲ. ರಾತ್ರಿ ಊಟ ಆದ ಮೇಲೆ ಚಾವಡಿಯಿಂದ ಹಿಂಬಾಗಿಲವರೆಗೆ ಹದಿನೈದು ನಿಮಿಷ ನಡೆಯುತ್ತೇನೆ. ಒಂದು ಸಲ ಹೋಗಲು 22 ಹೆಜ್ಜೆ. ಉಂಡ ಮೇಲಿನ ಈ ನಡಿಗೆ ಸಕ್ಕರೆ ಏರುವುದನ್ನು ಚೆನ್ನಾಗಿ ತಡೆಯುತ್ತದೆ. ಮಳೆ ಬಿಟ್ಟ ದಿನ ಭುಜಂಗ ಪಾರ್ಕ್, ರಜೆಯಲ್ಲಿ ಮಲ್ಪೆ. ಈಗ ಮೂರು ಮಳೆಗಾಲ ಕಳೆಯಿತು, ಒಂದರಲ್ಲೂ ನಿಲ್ಲಲಿಲ್ಲ.

ಉರ್ವ, ಮಂಗಳೂರು

ಅಕ್ಕ ಹೇಳಿದ ಕೈಲಿನ ಲೆಕ್ಕ ನೂರಕ್ಕೆ ನೂರು ಸರಿ. ನಾನು ಮೀನು ತಿನ್ನುವವ, ಅದರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಬಂಗುಡೆ, ಬೂತಾಯಿಯಲ್ಲಿ ಒಳ್ಳೆಯ ಪ್ರೋಟೀನ್ ಕಮ್ಮಿ ದುಡ್ಡಿಗೆ ಸಿಗುತ್ತದೆ. ಹೃದಯಕ್ಕೆ ಬೇಕಾದ ಒಮೆಗಾ 3 ಕೂಡ ಅದರಲ್ಲಿ ಧಾರಾಳ. ದುಬಾರಿ ಅಂಜಲ್ ಮೀನಿಗೆ ಅಷ್ಟು ದುಡ್ಡು ಕೊಡಲೇಬೇಕು ಅಂತ ಇಲ್ಲ ಮಾರಾಯ್ರೆ. ಆದರೆ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಮೀನಿಗಿಂತ ಎಣ್ಣೆಯೇ ಜಾಸ್ತಿ ಹೊಟ್ಟೆಗೆ ಹೋಗುತ್ತದೆ. ನಮ್ಮಲ್ಲಿ ಈಗ ವಾರದಲ್ಲಿ ನಾಲ್ಕು ದಿನ ಪುಳಿಮುಂಚಿ (ಹುಳಿ, ಖಾರದ ಮೀನು ಸಾರು), ಒಂದು ದಿನ ಕಾವಲಿಯಲ್ಲಿ ಒಂದು ಚಮಚ ಎಣ್ಣೆ ಹಾಕಿ ಕಾಯಿಸಿದ್ದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ಅಲ್ವಾ. ಆ ಎರಡು ತಿಂಗಳು ತಾಜಾ ಮೀನು ಕಮ್ಮಿ, ರೇಟೂ ಜಾಸ್ತಿ. ಆಗ ಎಲ್ಲರೂ ಒಣಮೀನಿಗೆ ಹೋಗುತ್ತೇವೆ. ಬಿಪಿ ಇದ್ದವರು ಅದರಲ್ಲಿ ಜಾಗ್ರತೆ, ತುಂಬಾ ಉಪ್ಪು. ನಾನು ಮೊಟ್ಟೆ ಮತ್ತು ಕಡಲೆ ಗಸಿಯಲ್ಲಿ ಸುಧಾರಿಸುತ್ತೇನೆ.

ಇನ್ನೊಂದು ವಿಷಯ. ಎರಡು ವರ್ಷ ನಾನು ಮಂಗಳಾ ಸ್ಟೇಡಿಯಂನಲ್ಲಿ ದಿನಾ ಅರ್ಧ ಗಂಟೆ ನಡೆದೆ, ಹೊಟ್ಟೆ ಒಂದಿಂಚೂ ಇಳಿಯಲಿಲ್ಲ. ಕಾರಣ, ನಡೆದು ಮುಗಿಸಿ ಗೆಳೆಯರೆಲ್ಲ ಸೇರಿ ಗೋಳಿಬಜೆ, ಚಹಾ. ಅರ್ಧ ಗಂಟೆ ನಡೆದರೆ ಖರ್ಚಾಗುವುದು ಅಂದಾಜು 120ರಿಂದ 150 ಕ್ಯಾಲರಿ. ಒಂದು ಪ್ಲೇಟ್ ಗೋಳಿಬಜೆ ಅದನ್ನು ಸಲೀಸಾಗಿ ಮೀರುತ್ತದೆ. ಗೆಳೆಯರನ್ನು ಬಿಡಲಿಲ್ಲ, ಗೋಳಿಬಜೆಯನ್ನು ಶನಿವಾರಕ್ಕೆ ಇಟ್ಟೆವು. ಭಾನುವಾರದ ಕೋರಿ ರೊಟ್ಟಿಯೂ ಹಾಗೆಯೇ ಉಂಟು. ಹಬ್ಬ, ಬ್ರಹ್ಮಕಲಶ, ಮದುವೆ ಅಂತ ನಮ್ಮಲ್ಲಿ ಊಟಗಳು ತಪ್ಪುವುದಿಲ್ಲ. ಆ ಒಂದು ಊಟದಿಂದ ಏನೂ ಆಗುವುದಿಲ್ಲ, ಮಾರನೇ ದಿನ ಮತ್ತೆ ಕೈಲಿನ ಲೆಕ್ಕಕ್ಕೆ ಬಂದರಾಯಿತು.

ಮಳೆಗೆ ನನ್ನ ಉಪಾಯ ಅಪಾರ್ಟ್‌ಮೆಂಟಿನ ಮೆಟ್ಟಿಲು. ಮೊದಲ ವಾರ ಮೂರು ಮಾಳಿಗೆ, ಪ್ರತಿ ವಾರ ಒಂದೊಂದು ಜಾಸ್ತಿ. ಹತ್ತುವುದು ಮಾತ್ರ, ಇಳಿಯಲು ಲಿಫ್ಟ್. ಮೊಣಕಾಲಿಗೆ ಜಾಸ್ತಿ ಪೆಟ್ಟು ಇಳಿಯುವಾಗಲೇ.

ಮಣಿಪಾಲ

ನಾನು ಫಿಸಿಯೋಥೆರಪಿಸ್ಟ್. ಮೇಲಿನ ಇಬ್ಬರೂ ಹೇಳಿದ್ದು ಸರಿಯಾಗಿಯೇ ಉಂಟು. ಎರಡು ಎಚ್ಚರಿಕೆ ಮಾತ್ರ. ಎರಡು ಮಾಳಿಗೆಗೆ ಏದುಸಿರು ಬರುತ್ತದೆ ಅಂದಿದ್ದೀರಿ. ಅದರ ಜೊತೆಗೆ ಎದೆ ಬಿಗಿಯುವುದು, ಕೈ ಅಥವಾ ದವಡೆಗೆ ನೋವು ಹಬ್ಬುವುದು, ತಲೆ ತಿರುಗುವುದು ಇದ್ದರೆ ಮೆಟ್ಟಿಲ ವ್ಯಾಯಾಮ ಶುರು ಮಾಡಬೇಡಿ, ಮೊದಲು ಹೃದಯದ ಪರೀಕ್ಷೆ ಮಾಡಿಸಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ತೂಕವನ್ನು ದಿನಾ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ಹಿಂದಿನ ರಾತ್ರಿಯ ಉಪ್ಪಿಗೇ ಒಂದು ಕೆಜಿ ಆಚೀಚೆ ಆಗುತ್ತದೆ. ಸುತ್ತಳತೆ ನೋಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಿರಿ, ತಿಂಗಳಿಗೆ ಎರಡು ಸಲ. ನಮ್ಮ ದೇಶದವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅಂತ ಲೆಕ್ಕ.

ಕೊಟ್ಟಾರ, ಮಂಗಳೂರು

ಎಲ್ಲರಿಗೂ ತುಂಬಾ ಉಪಕಾರ. ಎದೆ ನೋವು ಏನೂ ಇಲ್ಲ, ಆದರೂ ಇಸಿಜಿ ಮಾಡಿಸುತ್ತೇನೆ. ಇಲ್ಲೊಂದು ಕಷ್ಟ ಉಂಟು. ನಿನ್ನೆ "ಅಮ್ಮ, ಅನ್ನ ಕಮ್ಮಿ ಹಾಕಿ" ಅಂದೆ. ಅವರು ಮಾತಾಡದೆ ಕೈಲು ಕೆಳಗಿಟ್ಟರು. ಅಡುಗೆ ರುಚಿಯಾಗಲಿಲ್ಲವಾ ಅಂತ ರಾತ್ರಿ ಹೆಂಡತಿಯ ಹತ್ತಿರ ಕೇಳಿದರಂತೆ. ಅವರಿಗೆ 71 ವರ್ಷ. ನೋಯಿಸಲು ಮನಸ್ಸಿಲ್ಲ.

ಕುಂಜಿಬೆಟ್ಟು, ಉಡುಪಿ

ಅಯ್ಯೋ, ಅದು ಹಾಗೆಯೇ ಆಗುವುದು. ಬಡಿಸುವ ಕೈಗೆ "ಕಮ್ಮಿ" ಅಂದರೆ ಬೇಸರ. ನೀವು "ಜಾಸ್ತಿ" ಕೇಳಿ. "ಅಮ್ಮ, ಬಸಳೆ ಇನ್ನೊಂದು ಸೌಟು ಹಾಕಿ" ಅನ್ನಿ. ತಟ್ಟೆ ತುಂಬಿದ ಮೇಲೆ ಅನ್ನಕ್ಕೆ ಜಾಗ ತಾನಾಗಿಯೇ ಕಮ್ಮಿ ಆಗುತ್ತದೆ. ರಿಪೋರ್ಟನ್ನೂ ಅವರಿಗೆ ತೋರಿಸಿ, ಮುಚ್ಚಿಡಬೇಡಿ. ನನ್ನ ಅತ್ತೆಗೆ ಗೊತ್ತಾದ ಮೇಲೆ ಪಲ್ಯಕ್ಕೆ ಕಾಯಿ ಕಮ್ಮಿ ಮಾಡಿದ್ದೇ ಅವರು. ರಾತ್ರಿ ಉಂಡ ಮೇಲಿನ ನಡಿಗೆಗೆ ಅಮ್ಮನನ್ನೂ ಕರೆಯಿರಿ. ಅವರ ಕಾಲಿಗೂ ಬೇಕು.

ಹುರುಳಿ ಉಪ್ಪುಕರಿ ಅವರಿಗೆ ಗೊತ್ತೇ ಇರುತ್ತದೆ. ಆದರೂ ನಾನು ಮಾಡುವ ಕ್ರಮ ಹೇಳುತ್ತೇನೆ. ಒಂದು ಲೋಟ ಹುರುಳಿ ರಾತ್ರಿ ನೆನೆಸಿ. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಮಳೆಗಾಲದಲ್ಲಿ ಬೇಗ ಹುಳಿ ವಾಸನೆ ಬರುತ್ತದೆ, ಹಾಗಾಗಿ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ತೊಳೆದು ಮತ್ತೆ ಕಟ್ಟಿ. ಮಾರನೇ ದಿನಕ್ಕೆ ಸಣ್ಣ ಮೊಳಕೆ ಬಂದಿರುತ್ತದೆ. ಕುಕ್ಕರಿನಲ್ಲಿ ನಾಲ್ಕು ಸೀಟಿ. ಬಸಿದ ನೀರು ಸಾರಿಗೆ. ಕಾಳಿಗೆ ಒಂದು ಚಮಚ ತೆಂಗಿನೆಣ್ಣೆ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ತಿನ್ನುವವರಾದರೆ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಕಾಯಿತುರಿ ಒಂದು ಹಿಡಿ ಸಾಕು, ಒಲೆ ಆರಿಸಿದ ಮೇಲೆ ಹಾಕಿ.