ಅಜ್ಜನ ಪೆಟ್ಟಿಗೆಯಲ್ಲಿ ಚರ್ಮದ ಏಪ್ರನ್, ಕೈಕುಲುಕುವಾಗ ಒತ್ತಿದ ಗಿಣ್ಣು: ಇದೇನು?

ಬೆಂದೂರಿನವ:
ನಮ್ಮದು ಮಂಗಳೂರಿನ ಬೆಂದೂರಿನಲ್ಲಿರುವ ಕೊಂಕಣಿ ಮಾತಿನ ಕೆಥೋಲಿಕ ಮನೆ. ಅಜ್ಜ ಮುಂಬೈಯ ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾಗಿ ದುಡಿದು ಊರಿಗೆ ಮರಳಿದವರು. ಈಚೆಗೆ ತೀರಿಕೊಂಡರು. ಏಳನೆಯ ದಿನದ ಬಲಿಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಲ್ಲಿ ನಿಂತಿದ್ದೆ. ಗುರುತಿಲ್ಲದ ಹಿರಿಯರೊಬ್ಬರು ಬಂದು ನನ್ನ ಕೈ ಹಿಡಿದರು. ಹೆಬ್ಬೆರಳಿನಿಂದ ನನ್ನ ತೋರುಬೆರಳಿನ ಬುಡದ ಗಿಣ್ಣನ್ನು ಒತ್ತಿ, ಹಾಗೆಯೇ ಮುಖ ನೋಡುತ್ತ ನಿಂತರು, ನಾನು ಏನೋ ಹೇಳಬೇಕಾಗಿದೆ ಎಂಬಂತೆ. ನನಗೆ ತೋಚಿದ್ದು ಒಂದೇ: "ಊಟ ಮಾಡಿಕೊಂಡೇ ಹೋಗಬೇಕು." ಅವರು ನಕ್ಕರು. "ಹಾಗಾದರೆ ಅಜ್ಜ ನಿನಗೆ ಏನೂ ಹೇಳಿಲ್ಲ" ಎಂದು ಕೈ ಬಿಟ್ಟರು. ಊಟಕ್ಕೂ ನಿಲ್ಲಲಿಲ್ಲ.

ಮೊನ್ನೆ ಅಟ್ಟದ ತಗಡಿನ ಪೆಟ್ಟಿಗೆ ತೆರೆದರೆ ಮಡಿಸಿಟ್ಟ ಬಿಳಿ ಕುರಿಚರ್ಮದ ಏಪ್ರನ್. ಜೊತೆಗೆ ಕೈವಾರ ಮತ್ತು ಮೂಲೆಮಟ್ಟ ಹೆಣೆದಿರುವ ಸಣ್ಣ ಬಿಲ್ಲೆ. ನಮ್ಮ ಮನೆತನದಲ್ಲಿ ಒಬ್ಬರೂ ಮುರಕಲ್ಲು ಕಟ್ಟಿದವರಲ್ಲ. ಬಲ್ಲವರು ತಿಳಿಸಿ.

ಕಲ್ಯಾಣಪುರದ ಮಾಸ್ತರ:
ಅದು ಫ್ರೀಮೇಸನ್ನರ ಹಿಡಿತ, ಅಂದರೆ ಸದಸ್ಯರು ಒಬ್ಬರನ್ನೊಬ್ಬರು ಗುರುತಿಸುವ ಕೈಕುಲುಕು. ಕಲ್ಲುಕುಟಿಗರ ಕಸುಬಿನ ಗುರುತುಗಳನ್ನು ಇಟ್ಟುಕೊಂಡ ಗುಟ್ಟಿನ ಸಂಘ ಅವರದು. ನಾನು ಸದಸ್ಯನಲ್ಲ, ಆದ್ದರಿಂದ ಬಾಯಿ ಬಿಡಲು ಅಡ್ಡಿಯಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಅವರ ಲಾಡ್ಜ್ ಎಂದರೆ ಬಸ್ ನಿಲ್ದಾಣದ ಪಕ್ಕದ ವಸತಿಗೃಹವಲ್ಲ. ಸಭೆ ಸೇರುವ ಶಾಖೆ.

ಅವರಲ್ಲಿ ಮೆಟ್ಟಿಲು ಮೂರು: ಶಿಷ್ಯ, ಕಸುಬುದಾರ, ಮೇಸ್ತ್ರಿ. ಒಂದೊಂದಕ್ಕೂ ಒಂದು ಹಿಡಿತ. ನಿಮಗೆ ಸಿಕ್ಕಿದ್ದು ಮೊದಲನೆಯದು. ಅದಕ್ಕೆ ಉತ್ತರ "ಬೋವಜ್", ಜೆರುಸಲೇಮಿನಲ್ಲಿ ಸೊಲೊಮೋನ್ ಕಟ್ಟಿಸಿದ ದೇವಾಲಯದ ಮುಂದಿದ್ದ ಎರಡು ಕಂಬಗಳಲ್ಲಿ ಒಂದರ ಹೆಸರು. ಬಲ ಎಂದು ಅರ್ಥ ಹೇಳುತ್ತಾರೆ. ಅದನ್ನೂ ಒಮ್ಮೆಗೇ ಉಸುರುವಂತಿಲ್ಲ, ಇಬ್ಬರೂ ಸರದಿಯಲ್ಲಿ ಒಂದೊಂದೇ ಅಕ್ಷರ ಹೇಳಬೇಕು. ನೀವು ಊಟಕ್ಕೆ ಕರೆದಿರಿ! ಹೆಬ್ಬೆರಳು ನಡುಬೆರಳಿನ ಗಿಣ್ಣಿಗೆ ಸರಿದರೆ ಅದು ಎರಡನೆಯ ಹಿಡಿತ, ಇನ್ನೊಂದು ಕಂಬ "ಯಾಕೀನ್".

ಮೂರನೆಯದಕ್ಕೆ ಕತೆಯೇ ಇದೆ. ದೇವಾಲಯ ಕಟ್ಟಿದ ಹೀರಾಮ್ ಗುಟ್ಟು ಬಿಡಲೊಲ್ಲದೆ ಕೊಲೆಯಾಗುತ್ತಾನೆ. ಹೂತ ಹೆಣವನ್ನು ಮೊದಲ ಹಿಡಿತದಿಂದ ಎತ್ತಹೋದರೆ ಚರ್ಮ ಜಾರುತ್ತದೆ, ಎರಡನೆಯದಕ್ಕೂ ಜಾರುತ್ತದೆ. ಕೊನೆಗೆ ಬೆರಳು ಅಗಲಿಸಿ, ಸಿಂಹ ಪಂಜ ಊರಿದಂತೆ ಮಣಿಕಟ್ಟನ್ನು ಹಿಡಿದು ಎತ್ತುತ್ತಾರೆ. ದೀಕ್ಷೆಯ ದಿನ ಹೆಣವಾಗಿ ಮಲಗುವವನು ಮೂರನೆಯ ಮೆಟ್ಟಿಲು ಹತ್ತುವ ಸದಸ್ಯನೇ. ನಮ್ಮ ಯಕ್ಷಗಾನ ಮೇಳದವರಿಗೆ ಕೊಟ್ಟರೆ ಬೆಳಗಿನವರೆಗೆ ಆಡಿಯಾರು.

ಸ್ಕಾಟ್ಲೆಂಡಿನ ಕಲ್ಲುಕುಟಿಗರಲ್ಲಿ ಇಂಥ ಗುರುತಿನ ಮಾತು 17ನೆಯ ಶತಮಾನದಲ್ಲೇ ಇತ್ತು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಕೂಡಿ ಗ್ರ್ಯಾಂಡ್ ಲಾಡ್ಜ್ ಆಯಿತು. 1730ರಲ್ಲಿ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬವನು ಎಲ್ಲವನ್ನೂ ಅಚ್ಚುಹಾಕಿಸಿ ಮಾರಿದ. ಹಾಗಿದ್ದೂ ಇವತ್ತಿಗೂ ಗಿಣ್ಣು ಒತ್ತುತ್ತಲೇ ಇದ್ದಾರೆ ನೋಡಿ.

ಏಪ್ರನ್ನಿನ ಮೇಲೆ ನೀಲಿ ಬಟ್ಟೆಯ ಹೂಗಳು ಎಷ್ಟಿವೆ?

ಕಾರ್ಕಳದ ಕೋಣ:
ನಮ್ಮ ತಂದೆ ಕೋಣ ಕೊಳ್ಳುವಾಗ ದಲ್ಲಾಳಿಯ ಕೈಯ ಮೇಲೆ ಬೈರಾಸು ಹಾಕಿ, ಅಡಿಯಲ್ಲಿ ಬೆರಳು ಹಿಡಿದೇ ದರ ಮಾತಾಡುತ್ತಿದ್ದರು. ಒಂದು ಬೆರಳಿಗೆ ಒಂದು ಸಾವಿರ, ಅರ್ಧ ಬೆರಳು ಮುಟ್ಟಿದರೆ ಐನೂರು. ಸುತ್ತ ಹತ್ತು ಜನ ನಿಂತಿದ್ದರೂ ಇಬ್ಬರ ಹುಬ್ಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸೊಲೊಮೋನನ ಹಂಗಿಲ್ಲದ ಗುಟ್ಟು ನಮ್ಮದು.

ಕುದ್ರೋಳಿಯವ:
ಇವರೇ ಜಗತ್ತನ್ನು ಆಳುವುದಂತೆ, ವಾಟ್ಸಾಪ್‌ನಲ್ಲಿ ಬಂದಿತ್ತು. ಪೆಟ್ಟಿಗೆ ಮುಚ್ಚಿಡಿ.

ಬೆಂದೂರಿನವ:
@ಕುದ್ರೋಳಿಯವ, ಜಗತ್ತನ್ನು ಆಳಿದವರ ಮನೆಯ ಮಾಡು ಪ್ರತಿ ಆಟಿ ತಿಂಗಳಲ್ಲೂ ಸೋರುತ್ತದೆ.
@ಮಾಸ್ತರರೇ, ಹೂ ಎರಡೇ, ಕೆಳಗಿನ ಎರಡು ಮೂಲೆಗಳಲ್ಲಿ. ಅಂಚಿಗೆ ಬಣ್ಣವಿಲ್ಲ.

ಕಲ್ಯಾಣಪುರದ ಮಾಸ್ತರ:
ಹಾಗಾದರೆ ಅದು ಎರಡನೆಯ ಮೆಟ್ಟಿಲಿನದು. ಮೇಸ್ತ್ರಿಯದಾಗಿದ್ದರೆ ಮೂರು ಹೂ, ತಿಳಿನೀಲಿ ಅಂಚು ಇರಬೇಕಿತ್ತು. ನಿಮ್ಮ ಅಜ್ಜ ಯಾಕೆ ಅಲ್ಲಿಗೇ ನಿಂತರೋ. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಕೆಥೋಲಿಕರಿಗೆ ಈ ಸಂಘವನ್ನು ನಿಷೇಧಿಸಿದರು. 1983ರಲ್ಲೂ ವ್ಯಾಟಿಕನ್ ಅದನ್ನೇ ಹೇಳಿತು, ಸೇರಿದವರು ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಮನೆಯಲ್ಲಿ ಬಾಯಿ ಬಿಡದಿದ್ದುದಕ್ಕೆ ಅದೇ ಸಾಕು. ಒಂದು ಮಾತ್ರ ವಿಚಿತ್ರ: ಎರಡನೆಯ ಮೆಟ್ಟಿಲಿನ ಏಪ್ರನ್ ಸಾಮಾನ್ಯವಾಗಿ ಲಾಡ್ಜಿನದೇ, ಮನೆಗೆ ಒಯ್ಯುವ ರೂಢಿಯಿಲ್ಲ.

ಬೆಂದೂರಿನವ:
ಅತ್ತೆಗೆ ಫೋನ್ ಮಾಡಿದೆ. ಬಿಳಿ ಚರ್ಮದ ಮಾತೆತ್ತಿದ ಕೂಡಲೇ ನಗತೊಡಗಿದರು. ಮುಂಬೈಯಲ್ಲಿದ್ದಾಗ ಒಂದು ಸಂಜೆ ಅಜ್ಜ "ಲಾಡ್ಜಿಗೆ ಹೋಗಿ ಬರುತ್ತೇನೆ" ಎಂದದ್ದನ್ನು ಅಜ್ಜಿ ಬೇರೆಯೇ ಅರ್ಥಮಾಡಿಕೊಂಡು ಮೂರು ದಿನ ಒಲೆ ಹಚ್ಚಲಿಲ್ಲವಂತೆ. ಆಮೇಲೆ ಅಜ್ಜ ಆ ಕಡೆ ತಲೆ ಹಾಕಲಿಲ್ಲ. ಊರಿಗೆ ಬಂದ ಮೇಲೆ ಮುಂಬೈಗೆ ಹೊರಟಾಗಲೆಲ್ಲ, ಇದನ್ನು ಕೊಟ್ಟು ಬರಬೇಕು ಎಂದು ಹೊರಗೆ ತೆಗೆದಿಡುತ್ತಿದ್ದರಂತೆ. ಬಸ್ಸು ಹತ್ತುವ ಗಡಿಬಿಡಿಯಲ್ಲಿ ಅದು ಮೇಜಿನ ಮೇಲೆಯೇ ಉಳಿಯುತ್ತಿತ್ತು.

ಮುಂಬೈಯ ಫೋರ್ಟಿನಲ್ಲಿ ಫ್ರೀಮೇಸನ್ಸ್ ಹಾಲ್ ಇನ್ನೂ ಇದೆಯಲ್ಲ. ಮುಂದಿನ ತಿಂಗಳ ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿದ್ದೇನೆ. ಏಪ್ರನ್ನನ್ನು ಈಗಲೇ ಚೀಲಕ್ಕೆ ಹಾಕಿಟ್ಟೆ.