ತಂಡದ ವಾತಾವರಣ ಬದಲಾಗಬೇಕಾದರೆ ಮೊದಲು ನಾನು ಬದಲಾಗಬೇಕೇ, ವ್ಯವಸ್ಥೆ ಬದಲಾಗಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ಜನರ ತಂಡವೊಂದರ ಹೊಣೆ ನನ್ನ ಮೇಲೆ ಬಿದ್ದು ಎರಡು ವರ್ಷಗಳಾದವು. ಅದಕ್ಕೂ ಮುಂಚೆ ಆರು ವರ್ಷ ಇದೇ ತಂಡದಲ್ಲಿ ಕೆಲಸ ಮಾಡಿದವನಾದ್ದರಿಂದ ಇಲ್ಲಿಯ ವಾತಾವರಣ ನನಗೆ ಹೊಸದಲ್ಲ. ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಸಭೆ ಮುಗಿದು ಹೊರಗೆ ಬಂದ ಕೂಡಲೇ ಇಬ್ಬರು ಮೂವರು ಗುಂಪು ಕಟ್ಟಿ, ಒಳಗೆ ಹೇಳಬೇಕಾಗಿದ್ದುದನ್ನು ಅಲ್ಲಿ ಆಡಿಕೊಳ್ಳುತ್ತಾರೆ. ಕೆಲಸದಲ್ಲಿ ತಪ್ಪಾದರೆ ಅದು ನನ್ನ ಕಿವಿಗೆ ಬೀಳುವಷ್ಟರಲ್ಲಿ ತಿದ್ದುವ ಕಾಲ ಮೀರಿರುತ್ತದೆ.

ಕಳೆದ ಒಂದು ವರ್ಷದಿಂದ ನನ್ನನ್ನು ತಿದ್ದಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಿದ್ದೇನೆ. ದಿನವೂ ಸ್ವಲ್ಪ ಹೊತ್ತು ಧ್ಯಾನ ಮಾಡುತ್ತೇನೆ, ಓದುತ್ತೇನೆ, ದಿನಚರಿ ಬರೆಯುತ್ತೇನೆ. ಸಿಟ್ಟು ಕಡಿಮೆಯಾಗಿದೆ ಎಂದು ಮನೆಯವರೇ ಹೇಳುತ್ತಾರೆ. ಸಂಸ್ಥೆಯೂ ತನ್ನ ಪಾಲಿಗೆ ಧ್ಯೇಯವಾಕ್ಯವೊಂದನ್ನು ಬರೆಸಿ ಗೋಡೆಗೆ ಹಾಕಿಸಿದೆ, ಒಂದು ದಿನದ ಕಾರ್ಯಾಗಾರವನ್ನೂ ನಡೆಸಿದೆ. ಇಷ್ಟಾದರೂ ತಂಡ ಇದ್ದ ಹಾಗೆಯೇ ಇದೆ. ನಾನು ಎಲ್ಲಿ ಎಡವುತ್ತಿದ್ದೇನೆ? ಒಬ್ಬನ ಬೆಳವಣಿಗೆಯಿಂದ ಹದಿನಾಲ್ಕು ಜನರ ನಡವಳಿಕೆ ಬದಲಾಗುವುದು ನಿಜವಾಗಿಯೂ ಸಾಧ್ಯವೇ?

ಉತ್ತರ 1 (ಆಸ್ಪತ್ರೆಯಲ್ಲಿ ಶುಶ್ರೂಷಾ ವಿಭಾಗದ ಮೇಲ್ವಿಚಾರಕಿ)

ನಿಮ್ಮ ಧ್ಯಾನ, ದಿನಚರಿ ಎಲ್ಲವೂ ಒಳ್ಳೆಯದೇ. ಆದರೆ ಅವು ನಡೆಯುವುದು ತಂಡದ ಕಣ್ಣಿಗೆ ಬೀಳದ ಜಾಗದಲ್ಲಿ. ನಿಮ್ಮ ಜೊತೆಯವರಿಗೆ ಕಾಣುವುದು ಒಂದೇ: ಕೆಟ್ಟ ಸುದ್ದಿ ತಂದವರನ್ನು ನೀವು ಹೇಗೆ ಬರಮಾಡಿಕೊಳ್ಳುತ್ತೀರಿ ಎಂಬುದು.

ಹಲವು ವರ್ಷಗಳ ಹಿಂದಿನ ಮಾತು. ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗದ ಹುಡುಗಿಯೊಬ್ಬಳು ರೋಗಿಯ ಔಷಧದ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತಳು. ಪ್ರಮಾಣ ತಪ್ಪಾಗಿ ಬರೆದಿತ್ತು. ಔಷಧ ಕೊಡುವ ಮುಂಚೆಯೇ ಅದು ಅವಳ ಗಮನಕ್ಕೆ ಬಂದಿತ್ತು. ನಾನು ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ ಮೊದಲ ಮಾತು, "ಯಾರು ಬರೆದದ್ದು?" ಅವಳು ಹೆಸರು ಹೇಳಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟು ಹೋದಳು, ಆಮೇಲೆ ಒಂದು ವರ್ಷ ಯಾವ ತಪ್ಪನ್ನೂ ನನ್ನ ಬಳಿ ತರಲಿಲ್ಲ. ಆ ವರ್ಷ ನಮ್ಮ ವಿಭಾಗದ ವರದಿ ಬಹಳ ಚೆನ್ನಾಗಿ ಕಾಣುತ್ತಿತ್ತು.

ಆ ಚೆಂದದ ವರದಿಯ ಅರ್ಥ ನನಗೆ ತಿಳಿದದ್ದು ಹಾರ್ವರ್ಡ್ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ ಅವರ ಸಂಶೋಧನೆಯ ಬಗ್ಗೆ ಓದಿದ ಮೇಲೆ. 1990ರ ದಶಕದಲ್ಲಿ ಅವರು ಆಸ್ಪತ್ರೆಯ ತಂಡಗಳಲ್ಲಿ ಔಷಧ ನೀಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಗ್ಗಟ್ಟಿನಿಂದ ದುಡಿಯುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಎಂಬುದು ಅವರ ನಿರೀಕ್ಷೆಯಾಗಿತ್ತು, ಆದರೆ ಲೆಕ್ಕ ತಿರುಗುಮುರುಗಾಗಿ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು, ಏಕೆಂದರೆ ಅಲ್ಲಿಯವರು ತಪ್ಪನ್ನು ಬಚ್ಚಿಡದೆ ಹೇಳಿಕೊಳ್ಳುತ್ತಿದ್ದರು. ಮುಂದೆ 1999ರ ಪ್ರಬಂಧದಲ್ಲಿ ಅವರು ತಂಡಗಳ ಈ ಗುಣವನ್ನು ಮಾನಸಿಕ ಸುರಕ್ಷತೆ ಎಂದು ಕರೆದು ವಿವರಿಸಿದರು.

ಅಂದಿನಿಂದ ಯಾರು ಬಂದರೂ ಮೊದಲು "ಏನಾಯಿತು?" ಎಂದು ಕೇಳಿ, ಕುರ್ಚಿ ತೋರಿಸುವುದನ್ನು ರೂಢಿ ಮಾಡಿಕೊಂಡೆ. ಜನ ನಂಬಲು ಎಂಟು ತಿಂಗಳು ಹಿಡಿಯಿತು. ಎರಡು ವರ್ಷದ ಮೇಲ್ವಿಚಾರಣೆಯಲ್ಲಿ ನಿಮ್ಮ ಬಾಯಿಂದಲೂ ಇಂಥ ಮಾತು ಬಂದಿರಬಹುದೇ ಎಂದು ನೆನಪಿಸಿಕೊಂಡು ನೋಡಿ.

ಉತ್ತರ 2 (ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ)

ಮೇಲಿನವರ ಮಾತಿಗೆ ನನ್ನ ತಕರಾರಿಲ್ಲ, ಆದರೆ ಎಲ್ಲವನ್ನೂ ವ್ಯಕ್ತಿಯ ಬೆಳವಣಿಗೆಯ ಮೇಲೆ ಹೊರಿಸುವುದು ನನಗೆ ಅನ್ಯಾಯವೆನಿಸುತ್ತದೆ. ಹಾಗೆ ಹೊರಿಸಿದಾಗ, ವ್ಯವಸ್ಥೆಯ ದೋಷಕ್ಕೂ ಕೆಲಸಗಾರನೇ ತನ್ನನ್ನು ಹಳಿದುಕೊಳ್ಳುವಂತಾಗುತ್ತದೆ.

ಅಮೆರಿಕದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆಯ ವಿಷಯವನ್ನೇ ತೆಗೆದುಕೊಳ್ಳಿ. ಗೈರುಹಾಜರಿ, ಜಗಳ, ಕಳಪೆ ಗುಣಮಟ್ಟಕ್ಕೆ ಹೆಸರಾಗಿದ್ದ ಅದು 1982ರಲ್ಲಿ ಮುಚ್ಚಿತು. ಐವರಲ್ಲಿ ಒಬ್ಬರು ಕೆಲಸಕ್ಕೆ ಬಾರದ ದಿನಗಳು ಅಲ್ಲಿ ಸಾಮಾನ್ಯವಾಗಿದ್ದವು. 1984ರಲ್ಲಿ ಟೊಯೋಟಾ ಜೊತೆಗಿನ ಪಾಲುದಾರಿಕೆಯಲ್ಲಿ ನಮ್ಮಿ ಎಂಬ ಹೆಸರಿನಿಂದ ಅದೇ ಕಾರ್ಖಾನೆ ಮತ್ತೆ ತೆರೆಯಿತು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಹಳಬರೇ, ಕಾರ್ಮಿಕ ಸಂಘವೂ ಅದೇ. ಆದರೂ ಸ್ವಲ್ಪ ಕಾಲದಲ್ಲೇ ಗೈರುಹಾಜರಿ ಶೇ. 2ರ ಆಸುಪಾಸಿಗೆ ಇಳಿಯಿತು, ಗುಣಮಟ್ಟ ಜನರಲ್ ಮೋಟಾರ್ಸ್‌ನ ಕಾರ್ಖಾನೆಗಳಲ್ಲೇ ಅತ್ಯುತ್ತಮ ಎನಿಸಿತು.

ಅಲ್ಲಿ ಬದಲಾದದ್ದು ಏನೆಂದು ಯೋಚಿಸಿ. ಪ್ರತಿ ಕೆಲಸಗಾರನ ತಲೆಯ ಮೇಲೆ ಒಂದು ಹಗ್ಗ ಹಾದುಹೋಗಿತ್ತು. ಬೋಲ್ಟು ಸರಿಯಾಗಿ ಕೂರದಿದ್ದರೆ ಅವನು ಅದನ್ನು ಎಳೆಯಬಹುದಿತ್ತು. ಎಳೆದೊಡನೆ ದೀಪ ಹೊತ್ತಿ, ತಂಡದ ಮುಖಂಡ ಓಡಿ ಬರುತ್ತಿದ್ದ, ತೊಂದರೆ ನಿಗದಿತ ಹೊತ್ತಿನೊಳಗೆ ಬಗೆಹರಿಯದಿದ್ದರೆ ಮಾತ್ರ ಕಾರು ಜೋಡಣೆಯ ಸಾಲು ನಿಲ್ಲುತ್ತಿತ್ತು. ಎಳೆದವನಿಗೆ ಬೈಗುಳವಿರಲಿಲ್ಲ, ನೆರವು ಸಿಗುತ್ತಿತ್ತು. ಆ ಬದಲಾವಣೆಯಲ್ಲಿ ಭಾಗವಹಿಸಿದ್ದ ಜಾನ್ ಶುಕ್ ಅವರ ವಿವರಣೆಯೂ ಇದೇ: ಮೊದಲು ಜನ ಮಾಡುವ ಕೆಲಸದ ರೀತಿಯನ್ನು ಬದಲಿಸಿದರು, ಯೋಚನೆಯ ರೀತಿ ಅದನ್ನು ಹಿಂಬಾಲಿಸಿತು.

ಹಗ್ಗವನ್ನಷ್ಟೇ ತಂದು ಕಟ್ಟಿದರೆ ಸಾಲದು, ಅದನ್ನೂ ಹೇಳಿಬಿಡುತ್ತೇನೆ. ನಾನು ಹಿಂದೆ ಇದ್ದ ಒಂದು ಕಡೆ ಅಂಥದೇ ಗುಂಡಿಯೊಂದನ್ನು ಅಳವಡಿಸಿದ್ದರು. ಆದರೆ ಪಾಳಿಯ ಮುಖ್ಯಸ್ಥರ ಬಡ್ತಿ ಎಷ್ಟು ಸರಕು ಹೊರಬಿತ್ತು ಎಂಬುದರ ಮೇಲೆ ನಿಂತಿತ್ತು. ಆ ಗುಂಡಿಯ ಮೇಲೆ ದೂಳು ಕೂತಿದ್ದನ್ನು ನಾನೇ ಒರೆಸಿದ್ದೇನೆ. ಆದ್ದರಿಂದ ನಿಮಗೆ ನನ್ನದೊಂದೇ ಪ್ರಶ್ನೆ: ನಿಮ್ಮಲ್ಲಿ ತಪ್ಪು ಒಪ್ಪಿಕೊಂಡವನಿಗೆ ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಏನಾಗುತ್ತದೆ?

ಉತ್ತರ 3 (ತರಬೇತಿ ಕ್ಷೇತ್ರ)

ಗೋಡೆಯ ಮೇಲಿನ ಧ್ಯೇಯವಾಕ್ಯದ ಬಗ್ಗೆ ಮಾತ್ರ ಒಂದೆರಡು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಿದ್ಯಾರ್ಥಿವೇತನಕ್ಕಾಗಿ ಫೋನ್ ಮೂಲಕ ದೇಣಿಗೆ ಸಂಗ್ರಹಿಸುವವರ ಕುರಿತದ್ದು. ಆ ಹಣದಿಂದ ಓದಿದ ವಿದ್ಯಾರ್ಥಿಯೊಬ್ಬನ ಜೊತೆ ಕೆಲವೇ ನಿಮಿಷ ಮುಖಾಮುಖಿ ಮಾತನಾಡಿದವರು, ಒಂದು ತಿಂಗಳ ನಂತರ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ಫೋನಿನಲ್ಲಿ ತೊಡಗಿಕೊಂಡಿದ್ದರು. ವಿದ್ಯಾರ್ಥಿಯ ಪತ್ರವನ್ನು ಓದಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕಾಗದಕ್ಕೂ ಮನುಷ್ಯನ ಮುಖಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು. ನಿಮ್ಮ ತಂಡದ ಕೆಲಸ ಕೊನೆಗೆ ಯಾರ ಕೈ ಸೇರುತ್ತದೋ ಅವರನ್ನು ನಿಮ್ಮವರು ಎಂದಾದರೂ ಕಂಡಿದ್ದಾರೆಯೇ?

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಉದಾತ್ತ ಧ್ಯೇಯದ ಹೆಸರು ಹೇಳಿ ಹೆಚ್ಚು ಹೊತ್ತು ದುಡಿಸಿಕೊಂಡು ಸಂಬಳದ ಮಾತು ಮರೆಸುವ ಕಡೆಗಳೂ ಇವೆ. ಜನರಿಗೆ ಅದು ಬೇಗ ಅರ್ಥವಾಗುತ್ತದೆ, ಮತ್ತೆ ಅವರು ಯಾವ ಧ್ಯೇಯವನ್ನೂ ನಂಬುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು (ಮೂರು ವಾರಗಳ ನಂತರ)

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೌಲ್ಯಮಾಪನದ ನಮೂನೆಯನ್ನು ತೆಗೆದು ನೋಡಿದೆ. ಅದರಲ್ಲಿ "ಈ ವರ್ಷ ಮಾಡಿದ ತಪ್ಪುಗಳು" ಎಂಬ ಅಂಕಣವಿದೆ, ಎರಡು ವರ್ಷದಿಂದ ಅದನ್ನು ತುಂಬುತ್ತಿರುವವನು ನಾನೇ. ನನ್ನೆದುರು ತಾವಾಗಿ ಒಪ್ಪಿಕೊಂಡವರ ತಪ್ಪುಗಳಷ್ಟೇ ಅದರಲ್ಲಿ ಸೇರಿವೆ. ಮುಚ್ಚಿಟ್ಟವರ ಅಂಕಣ ಖಾಲಿ ಇದೆ. ಇದನ್ನು ನೋಡಿ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕಳೆದ ವಾರದ ಸಭೆಯನ್ನು, ಹೋದ ತಿಂಗಳು ನಾನೇ ಒಪ್ಪಿಕೊಂಡ ತಪ್ಪು ಗಡುವಿನಿಂದ ನಾಲ್ವರಿಗೆ ಆದ ತೊಂದರೆಯನ್ನು ಹೇಳಿಕೊಂಡು ಆರಂಭಿಸಿದೆ. ಯಾರೂ ಏನೂ ಅನ್ನಲಿಲ್ಲ. ಸಂಜೆ ಹಿರಿಯರೊಬ್ಬರು ಬಂದು, ಆ ಗಡುವು ಆಗದ ಮಾತೆಂದು ತಮಗೆ ಮೊದಲ ದಿನವೇ ಗೊತ್ತಿತ್ತು ಎಂದರು. ಏಕೆ ಹೇಳಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಮುಂದಿನ ಗಡುವನ್ನು ಅವರೊಂದಿಗೆ ಕೂತು ಲೆಕ್ಕ ಹಾಕಿದೆ. ನಮ್ಮ ಕೆಲಸವನ್ನು ಬಳಸುವವರ ಬಳಿಗೆ ತಂಡದ ಇಬ್ಬರನ್ನು ಮುಂದಿನ ವಾರ ಕಳಿಸುತ್ತಿದ್ದೇನೆ. ಆ ಅಂಕಣವನ್ನು ತೆಗೆಯಬೇಕೆಂದು ಮೇಲಿನವರಿಗೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಬಂದ ಮೇಲೆ ಇಲ್ಲಿ ತಿಳಿಸುತ್ತೇನೆ.